ಆರ್ಮಿ ಪ್ರಿಂಟ್ ಯಾರ ಸ್ವತ್ತು? ಸೇನಾ ಚಿತ್ತಾರದ ಹಿನ್ನೆಲೆ, ಕಾನೂನು ಮತ್ತು ಕರಾವಳಿಯ ಗೊಂದಲ

ಭಾರತೀಯ ಸೇನೆ ತನ್ನ ಹೊಸ ಚಳಿಗಾಲದ ಕೋಟಿನ ವಿನ್ಯಾಸಕ್ಕೆ ಬೌದ್ಧಿಕ ಆಸ್ತಿ ಹಕ್ಕು ಪಡೆದುಕೊಂಡಿದೆ ಎಂಬ ಸುದ್ದಿ 2025ರ ನವೆಂಬರ್‌ನಲ್ಲಿ ಪ್ರಕಟವಾಯಿತು. ಅದರ ಬೆನ್ನಲ್ಲೇ ಹಳೆಯ ಪ್ರಶ್ನೆಯೊಂದು ಮತ್ತೆ ಮೇಲೆದ್ದಿತು. ಕಾರವಾರದ ಬಟ್ಟೆ ಅಂಗಡಿಗಳಲ್ಲಿ, ಶಿರಸಿಯ ಸಂತೆಯಲ್ಲಿ, ಮಳೆಗಾಲಕ್ಕೆ ಮುನ್ನ ಹೆದ್ದಾರಿ ಬದಿಯಲ್ಲಿ ತೂಗುಹಾಕುವ ರೇನ್‌ಕೋಟುಗಳ ಸಾಲಿನಲ್ಲಿ ‘ಆರ್ಮಿ ಪ್ರಿಂಟ್’ ಎಂದೇ ಮಾರಾಟವಾಗುವ ಹಸಿರು-ಕಂದು ಚಿತ್ತಾರದ ಟೊಪ್ಪಿ, ಪ್ಯಾಂಟು, ಚೀಲಗಳನ್ನು ಇನ್ನು ಮುಂದೆ ಕೊಳ್ಳುವುದು ಅಪರಾಧವೇ? ಹೊಲಿಯುವುದು ಅಪರಾಧವೇ? ನೌಕಾನೆಲೆಯ ಗೋಡೆಯುದ್ದಕ್ಕೂ ಹೆದ್ದಾರಿ ಸಾಗುವ ಊರಿನಲ್ಲಿ ಈ ಪ್ರಶ್ನೆಗೆ ಬೇರೆ ಊರುಗಳಲ್ಲಿ ಇಲ್ಲದ ತೂಕವಿದೆ.

ಗೊಂದಲಕ್ಕೆ ಮುಖ್ಯ ಕಾರಣ, ಒಂದೇ ಬಟ್ಟೆಯ ಮೇಲೆ ಎರಡು ಬೇರೆ ಬೇರೆ ಕೆಲಸಗಳನ್ನು ಹೊರಿಸಿರುವುದು. ಸೈನಿಕನನ್ನು ಶತ್ರುವಿನ ಕಣ್ಣಿಂದ ಮರೆಸುವುದು ಮೊದಲನೆಯ ಕೆಲಸ. ಈತ ಇಂಥ ದೇಶದ, ಇಂಥ ಪಡೆಯ ಸೈನಿಕ ಎಂದು ಕಂಡವರಿಗೆ ಸಾರುವುದು ಎರಡನೆಯದು. ಕಾಣಬಾರದು ಎಂಬುದಕ್ಕೂ ಗುರುತು ಸಿಗಬೇಕು ಎಂಬುದಕ್ಕೂ ನೇರ ವಿರೋಧವಿದೆ. ಕಳೆದ ನೂರು ವರ್ಷಗಳ ಕ್ಯಾಮೊಫ್ಲಾಜ್‌ನ, ಅಂದರೆ ಮರೆಮಾಚುವ ಚಿತ್ತಾರದ, ಇತಿಹಾಸವನ್ನು ಗಮನವಿಟ್ಟು ನೋಡಿದರೆ ಎರಡನೆಯ ಕೆಲಸ ನಿಧಾನವಾಗಿ ಮೊದಲನೆಯದನ್ನು ಹಿಂದಿಕ್ಕುತ್ತ ಬಂದಿರುವುದು ಕಾಣುತ್ತದೆ. ಈಗಿನ ನೋಂದಣಿಯನ್ನೂ ಆ ಸಾಲಿನಲ್ಲೇ ಇಟ್ಟು ನೋಡಬೇಕು.

ಸುದ್ದಿಯಲ್ಲಿ ನಿಜಕ್ಕೂ ಇರುವುದೇನು

ಸೇನೆಯ ಈಗಿನ ಡಿಜಿಟಲ್ ಚಿತ್ತಾರದ ಯುದ್ಧ ಸಮವಸ್ತ್ರ ಸಾರ್ವಜನಿಕರ ಕಣ್ಣಿಗೆ ಮೊದಲು ಬಿದ್ದದ್ದು 2022ರ ಜನವರಿ 15ರ ಸೇನಾ ದಿನದ ಪಥಸಂಚಲನದಲ್ಲಿ. ದೆಹಲಿಯ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯ, ಅಂದರೆ ನಿಫ್ಟ್‌ನ, ನೆರವಿನಿಂದ ರೂಪುಗೊಂಡ ಈ ಉಡುಪಿನ ಬಟ್ಟೆಯಲ್ಲಿ ಹತ್ತಿ ಮತ್ತು ಪಾಲಿಯೆಸ್ಟರ್ 70:30ರ ಪ್ರಮಾಣದಲ್ಲಿವೆ. ಆಲಿವ್ ಹಸಿರು ಮತ್ತು ಮಣ್ಣಿನ ಛಾಯೆಗಳನ್ನು ಸಣ್ಣ ಸಣ್ಣ ಚೌಕಗಳಾಗಿ ಒಡೆದು ಹೆಣೆದ ಚಿತ್ತಾರ ಅದರದ್ದು. ಅದೇ ವರ್ಷದ ಅಕ್ಟೋಬರ್ 21ರ ಪೇಟೆಂಟ್ ಕಚೇರಿ ಪತ್ರಿಕೆಯಲ್ಲಿ ಈ ವಿನ್ಯಾಸದ ನೋಂದಣಿ ಪ್ರಕಟವಾಯಿತು. ಸೈನಿಕರಿಗೆ ವಿತರಿಸಲು 11.70 ಲಕ್ಷ ಜೊತೆ ಉಡುಪುಗಳ ಖರೀದಿಗೆ ಚಾಲನೆ ನೀಡಿರುವುದಾಗಿಯೂ, ಒಂದು ಜೊತೆಯ ಬಾಳಿಕೆಯನ್ನು 15 ತಿಂಗಳೆಂದು ಲೆಕ್ಕ ಹಾಕಿರುವುದಾಗಿಯೂ ಆಗ ಸರ್ಕಾರ ತಿಳಿಸಿತ್ತು. ಸೇನಾ ಕ್ಯಾಂಟೀನ್ ವ್ಯವಸ್ಥೆಯ ಹೊರಗೆ, ಮುಕ್ತ ಮಾರುಕಟ್ಟೆಯಲ್ಲಿ, ಈ ಬಟ್ಟೆ ಸಿಗಬಾರದು ಎಂಬ ನಿಲುವನ್ನೂ ಅಂದೇ ಪ್ರಕಟಿಸಲಾಗಿತ್ತು.

2025ರ ಸುದ್ದಿ ಇದರ ಮುಂದುವರಿಕೆ. ಹೊರ ಪದರ, ಒಳ ಜಾಕೆಟ್ ಮತ್ತು ಮೈಗೆ ಹತ್ತಿರದ ಬೆಚ್ಚನೆಯ ಪದರ ಹೀಗೆ ಮೂರು ಪದರಗಳಿರುವ, ಡಿಜಿಟಲ್ ಮುದ್ರಣದ ಹೊಸ ಕೋಟಿನ ವಿನ್ಯಾಸವನ್ನು ಆ ವರ್ಷದ ಫೆಬ್ರವರಿಯಲ್ಲಿ ನೋಂದಣಿಗೆ ಸಲ್ಲಿಸಲಾಗಿತ್ತು. ಅಕ್ಟೋಬರ್‌ನಲ್ಲಿ ಅದು ಪ್ರಕಟವಾಯಿತು. ಇಲ್ಲಿ ನೋಂದಣಿಯಾದದ್ದು ನಿರ್ದಿಷ್ಟ ವಿನ್ಯಾಸ. ‘ಹಸಿರು-ಕಂದು ಮಚ್ಚೆಗಳ ಬಟ್ಟೆ’ ಎಂಬ ಇಡೀ ಕುಲವೇ ಸೇನೆಯ ಸ್ವತ್ತಾಯಿತು ಎಂದು ಓದಿಕೊಂಡವರು ಸುದ್ದಿಯಲ್ಲಿ ಇಲ್ಲದ್ದನ್ನು ಓದಿಕೊಂಡರು.

ಖಾಕಿಯಿಂದ ಎಲೆಚಿತ್ತಾರಕ್ಕೆ

ಹತ್ತೊಂಬತ್ತನೆಯ ಶತಮಾನದವರೆಗೂ ಬಹುತೇಕ ಸೈನ್ಯಗಳು ಬಚ್ಚಿಟ್ಟುಕೊಳ್ಳುವ ಗೊಡವೆಗೇ ಹೋಗಿರಲಿಲ್ಲ. ಕೋವಿಯ ಗುಂಡು ಹತ್ತಿರದ ಗುರಿಗೆ ಮಾತ್ರ ನಿಖರವಾಗಿದ್ದ, ಕರಿಮದ್ದಿನ ಹೊಗೆ ರಣರಂಗವನ್ನೇ ಮುಚ್ಚುತ್ತಿದ್ದ ಕಾಲದಲ್ಲಿ ಕಡುಗೆಂಪು ಕೋಟು ನಮ್ಮವರು ಯಾರು ಎಂದು ತಿಳಿಯಲು ನೆರವಾಗುತ್ತಿತ್ತು. ದೂರದಿಂದ ಗುರಿಯಿಡಬಲ್ಲ ಕೋವಿಯೂ ಹೊಗೆಯಿಲ್ಲದ ಮದ್ದೂ ಬಂದಾಗ ಅದೇ ಕೆಂಪು ಬಣ್ಣ ಮೃತ್ಯುವಿಗೆ ಕೊಟ್ಟ ಆಹ್ವಾನವಾಯಿತು.

ಬದಲಾವಣೆಯ ಮೊದಲ ಹೆಜ್ಜೆ ನಮ್ಮ ಉಪಖಂಡದಲ್ಲೇ ಆಯಿತು. 1846ರಲ್ಲಿ ಪೇಶಾವರದಲ್ಲಿ ಬ್ರಿಟಿಷ್ ಅಧಿಕಾರಿ ಹ್ಯಾರಿ ಲಮ್ಸ್‌ಡನ್ ಕಟ್ಟಿದ ಗೈಡ್ಸ್ ಪಡೆ ಧೂಳಿನ ಬಣ್ಣದ ಉಡುಪು ತೊಟ್ಟಿತು. ಇದನ್ನೇ ಖಾಕಿಯ ಆರಂಭವೆಂದು ಸೇನಾ ಇತಿಹಾಸಕಾರರು ಸಾಮಾನ್ಯವಾಗಿ ಒಪ್ಪುತ್ತಾರೆ. ಕರಾವಳಿಯವರಿಗೆ ಇನ್ನೊಂದು ಕಥೆ ಗೊತ್ತು. 1851ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ನೇಕಾರ ಯೋಹಾನ್ನೆಸ್ ಹಾಲರ್ ಅಲ್ಲಿನ ನೇಯ್ಗೆ ಕಾರ್ಖಾನೆಯಲ್ಲಿ ಖಾಕಿ ಬಣ್ಣವನ್ನು ಸಿದ್ಧಪಡಿಸಿದನೆಂದೂ, ಮುಂದೆ ಅದು ಬ್ರಿಟಿಷ್ ಸೈನ್ಯಕ್ಕೆ ಹೋಯಿತೆಂದೂ ದಕ್ಷಿಣ ಕನ್ನಡದಲ್ಲಿ ಗಟ್ಟಿಯಾದ ನಂಬಿಕೆಯಿದೆ. ಎರಡು ಕಥೆಗಳು ಒಂದನ್ನೊಂದು ಸುಳ್ಳಾಗಿಸಬೇಕಾಗಿಲ್ಲ. ಮಣ್ಣಿನ ಬಣ್ಣ ತೊಡಬೇಕೆಂಬ ಯೋಚನೆ ಒಂದು, ತೊಳೆದರೂ ಬಿಡದಂತೆ ಸಾವಿರಾರು ಗಜ ಬಟ್ಟೆಗೆ ಒಂದೇ ಹದದಲ್ಲಿ ಆ ಬಣ್ಣ ಕೂರಿಸುವ ಕಸುಬು ಇನ್ನೊಂದು. ಎರಡನೆಯದು ಇಲ್ಲದೆ ಮೊದಲನೆಯದು ಒಂದು ಪಡೆಯ ವಿಚಿತ್ರ ಅಭ್ಯಾಸವಾಗಿಯೇ ಉಳಿಯುತ್ತಿತ್ತು.

ಒಂದೇ ಬಣ್ಣದ ಖಾಕಿಯಿಂದ ಹಲವು ಬಣ್ಣದ ಚಿತ್ತಾರಕ್ಕೆ ಜಿಗಿತ ನಡೆದದ್ದು ಮೊದಲ ಮಹಾಯುದ್ಧದಲ್ಲಿ. 1914ರಲ್ಲಿ ಕೆಂಪು ಷರಾಯಿ ತೊಟ್ಟು ರಣರಂಗಕ್ಕಿಳಿದ ಫ್ರೆಂಚ್ ಸೈನ್ಯ ಅಪಾರ ಸಾವುನೋವು ಕಂಡ ಬಳಿಕ, 1915ರಲ್ಲಿ ಚಿತ್ರಕಾರ ಗಿರಾಂಡ್ ದ ಸೆವೊಲಾ ನೇತೃತ್ವದಲ್ಲಿ ಮರೆಮಾಚುವ ಕೆಲಸಕ್ಕೆಂದೇ ಒಂದು ವಿಭಾಗ ಹುಟ್ಟಿತು. ಕಲಾವಿದರು, ರಂಗಭೂಮಿಯ ಪರದೆ ಬರೆಯುವವರು ಅದರ ಸಿಬ್ಬಂದಿ. ಅವರು ಬಣ್ಣ ಬಳಿದದ್ದು ಹೆಚ್ಚಾಗಿ ಫಿರಂಗಿಗಳಿಗೆ ಮತ್ತು ಪರದೆಗಳಿಗೆ. ಮುದ್ರಿತ ಚಿತ್ತಾರದ ಬಟ್ಟೆಯನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ತಯಾರಿಸಿದ ಸೈನ್ಯ ಇಟಲಿಯದು, 1929ರಲ್ಲಿ, ಅದೂ ಗುಡಾರದ ಬಟ್ಟೆಯಾಗಿ. 1931ರಲ್ಲಿ ಜರ್ಮನಿ ಒಡೆದ ಗಾಜಿನ ಚೂರುಗಳಂಥ ಮೊನಚು ಆಕಾರಗಳ ವಿನ್ಯಾಸ ತಂದಿತು.

ಗುರುತಿನ ಸಮಸ್ಯೆ ತಲೆಯೆತ್ತಲು ಹೆಚ್ಚು ಕಾಲ ಬೇಕಾಗಲಿಲ್ಲ. ತೋಟಗಾರಿಕೆ ತಜ್ಞ ನಾರ್ವೆಲ್ ಗಿಲೆಸ್ಪಿ ಅಮೆರಿಕಕ್ಕಾಗಿ ರೂಪಿಸಿದ 1942ರ ಚಿತ್ತಾರವನ್ನು, ಕಪ್ಪೆಯ ಚರ್ಮದಂತೆ ಮಚ್ಚೆಮಚ್ಚೆಯಾಗಿದ್ದ ಅದನ್ನು, ಶಾಂತಸಾಗರದ ದ್ವೀಪಗಳಲ್ಲಿ ಮರೀನ್ ಪಡೆ ತೊಟ್ಟಾಗ ದೊಡ್ಡ ತೊಂದರೆಯಾಗಲಿಲ್ಲ. 1944ರಲ್ಲಿ ಫ್ರಾನ್ಸಿನ ನಾರ್ಮಂಡಿಯಲ್ಲಿ ಅದನ್ನು ತೊಟ್ಟ ಅಮೆರಿಕನ್ನರನ್ನು ಅವರ ಕಡೆಯವರೇ ಜರ್ಮನ್ ಎಸ್‌ಎಸ್ (ನಾತ್ಸಿ ಪಕ್ಷದ ಸಶಸ್ತ್ರ ಪಡೆ) ಸೈನಿಕರೆಂದು ತಪ್ಪಾಗಿ ತಿಳಿದು ಗುಂಡು ಹಾರಿಸಿದರು. ಯುರೋಪಿನಲ್ಲಿ ಅಲ್ಲಿಯವರೆಗೆ ಮಚ್ಚೆಯ ಬಟ್ಟೆಯೆಂದರೆ ಜರ್ಮನರದ್ದು ಎಂಬ ಅಭ್ಯಾಸ ಕಣ್ಣಿಗೆ ಕೂತಿತ್ತು. ಆ ಉಡುಪನ್ನು ಅಲ್ಲಿಂದ ಹಿಂತೆಗೆದುಕೊಳ್ಳಲಾಯಿತು.

ಮುಂದಿನ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. 1948ರಲ್ಲಿ ಅಮೆರಿಕದ ಎಂಜಿನಿಯರ್ ಪ್ರಯೋಗಾಲಯವೊಂದು ರೂಪಿಸಿ, ಬಹುಕಾಲ ಪೆಟ್ಟಿಗೆಯಲ್ಲೇ ಉಳಿದ ಎಲೆಚಿತ್ತಾರ ವಿಯೆಟ್ನಾಂ ಯುದ್ಧದಲ್ಲಿ ಹೊರಬಂತು. ಅದನ್ನೇ ಶೇ 60ರಷ್ಟು ಹಿಗ್ಗಿಸಿ 1981ರಲ್ಲಿ ‘ವುಡ್‌ಲ್ಯಾಂಡ್’ ಎಂಬ ಹೆಸರಿನಲ್ಲಿ ಬಳಕೆಗೆ ತರಲಾಯಿತು. ಇಂದು ನಮ್ಮ ಸಂತೆಗಳಲ್ಲಿ ‘ಆರ್ಮಿ ಪ್ರಿಂಟ್’ ಎಂದು ಕರೆಸಿಕೊಳ್ಳುವ ಬಟ್ಟೆಯಲ್ಲಿ ಬಹುಪಾಲು ಇದರ ಸಂತತಿ. ಭಾರತೀಯ ಸೇನೆಯ ಹೆಸರು ಹೊತ್ತು ಮಾರಾಟವಾದರೂ ಅದರ ಬೇರು ಬೇರೆಡೆಯಿದೆ.

ಚೌಕಗಳು ಕಣ್ಣನ್ನು ವಂಚಿಸುವ ಬಗೆ

ನಿಸರ್ಗದಲ್ಲಿ ಚೌಕಾಕಾರದ ಎಲೆಯಿಲ್ಲ. ಹಾಗಿರುವಾಗ ಚೌಕಗಳಿಂದ ಮಾಡಿದ ಚಿತ್ತಾರ ಕಾಡಿನಲ್ಲಿ ಮರೆಯಾಗುವುದು ಹೇಗೆ ಎಂಬ ಅನುಮಾನ ಸಹಜ.

ಉತ್ತರ ದೂರದಲ್ಲಿದೆ. ಅಮೆರಿಕದ ಸೇನಾಧಿಕಾರಿ ತಿಮೊತಿ ಓನೀಲ್ 1970ರ ದಶಕದ ಮಧ್ಯದಲ್ಲಿ ಶಸ್ತ್ರಸಜ್ಜಿತ ವಾಹನವೊಂದಕ್ಕೆ ಎರಡಿಂಚಿನ ಚೌಕಗಳಲ್ಲಿ ಬಣ್ಣ ಬಳಿಸಿ ಪರೀಕ್ಷಿಸಿದರು. ಹತ್ತಿರದಿಂದ ನೋಡಿದರೆ ಅದು ಹಾಸ್ಯಾಸ್ಪದವಾಗಿ ಕಾಣುತ್ತಿತ್ತು. ದೂರ ಸರಿದಂತೆ ವಾಹನ ಹಿನ್ನೆಲೆಯಲ್ಲಿ ಕರಗುತ್ತಿತ್ತು. ಕಾರಣವಿಷ್ಟು: ನಮ್ಮ ದೃಷ್ಟಿ ಎರಡು ಹಂತಗಳಲ್ಲಿ ಕೆಲಸ ಮಾಡುತ್ತದೆ. ಕಣ್ಣಂಚಿನ ನೋಟ ಮೊದಲು ಎಲ್ಲಿ ಏನೋ ಇದೆ ಎಂಬುದನ್ನು ಹಿಡಿಯುತ್ತದೆ, ಆಮೇಲೆ ದೃಷ್ಟಿಯ ಕೇಂದ್ರ ಅದು ಏನು ಎಂದು ಪರಿಶೀಲಿಸುತ್ತದೆ. ಚಿತ್ತಾರದಲ್ಲಿ ದೊಡ್ಡ ಆಕಾರಗಳು ಮಾತ್ರ ಇದ್ದರೆ ದೂರದಿಂದ ಮೈಯ ಹೊರಗೆರೆ ಒಡೆಯುತ್ತದೆ, ಆದರೆ ಹತ್ತಿರದಲ್ಲಿ ಕೃತಕವಾಗಿ ಕಾಣುತ್ತದೆ. ಸಣ್ಣ ಆಕಾರಗಳು ಮಾತ್ರ ಇದ್ದರೆ ಹತ್ತಿರಕ್ಕೆ ಸರಿ, ಆದರೆ ದೂರದಲ್ಲಿ ಎಲ್ಲ ಚುಕ್ಕಿಗಳೂ ಬೆರೆತು ಒಂದೇ ಬಣ್ಣದ ಮನುಷ್ಯಾಕಾರದ ಮುದ್ದೆಯಾಗುತ್ತದೆ. ಸಣ್ಣ ಚೌಕಗಳನ್ನೇ ಗುಂಪುಗೂಡಿಸಿ ದೊಡ್ಡ ಮಚ್ಚೆಗಳನ್ನು ಕಟ್ಟಿದರೆ ಎರಡೂ ದೂರಗಳಿಗೆ ಒಂದೇ ಬಟ್ಟೆ ಸಾಕಾಗುತ್ತದೆ. ಕಂಪ್ಯೂಟರಿನ ನೆರವಿನಿಂದ ಇಂಥ ಹಂಚಿಕೆಯನ್ನು ಲೆಕ್ಕ ಹಾಕುವುದು ಸುಲಭವಾದ್ದರಿಂದ ಚೌಕ ಬಂತೇ ಹೊರತು ಚೌಕಕ್ಕೇ ವಿಶೇಷ ಶಕ್ತಿಯೇನೂ ಇಲ್ಲ. 1990ರ ದಶಕದ ಕೊನೆಯಲ್ಲಿ ಕೆನಡಾ, 2000ದ ದಶಕದ ಆರಂಭದಲ್ಲಿ ಅಮೆರಿಕದ ಮರೀನ್ ಪಡೆ ಈ ದಾರಿ ಹಿಡಿದವು.

ಚಿತ್ತಾರದಷ್ಟೇ ಮುಖ್ಯವಾದ, ಆದರೆ ಬರಿಗಣ್ಣಿಗೆ ಕಾಣದ ಇನ್ನೊಂದು ಸಂಗತಿ ಬಣ್ಣದೊಳಗಿದೆ. ಹಸಿರೆಲೆ ನಮಗೆ ಕಾಣದ ಸಮೀಪ-ಅವಗೆಂಪು ಬೆಳಕನ್ನು ಬಹಳಷ್ಟು ಪ್ರತಿಫಲಿಸುತ್ತದೆ. ರಾತ್ರಿ ನೋಡುವ ಉಪಕರಣಗಳು ಹಿಡಿಯುವುದು ಇದೇ ಬೆಳಕನ್ನು. ಸೇನೆಗಾಗಿ ಮುದ್ರಿಸುವ ಬಟ್ಟೆಯ ಬಣ್ಣಗಳನ್ನು ಈ ಪ್ರತಿಫಲನವೂ ಸುತ್ತಲಿನ ಎಲೆ, ಮಣ್ಣು, ತೊಗಟೆಗಳಿಗೆ ಹೊಂದುವಂತೆ ಆಯ್ದಿರುತ್ತಾರೆ. ಪೇಟೆಯ ಅಗ್ಗದ ಬಟ್ಟೆ ಹಗಲಿನಲ್ಲಿ ಅದೇ ಹಸಿರಾಗಿ ಕಂಡರೂ ರಾತ್ರಿಯ ಉಪಕರಣದಲ್ಲಿ ಒಂದೋ ಕಪ್ಪು ಆಕೃತಿಯಾಗಿ, ಇಲ್ಲವೇ ಬಿಳಿಚಿಕೊಂಡು ಎದ್ದು ಕಾಣಬಹುದು. ಅಮೆರಿಕದ ಸೇನೆ ತನ್ನ ಸಮವಸ್ತ್ರಕ್ಕೆ ಗಂಜಿ ಹಾಕಬೇಡಿ, ಬಿಳುಪುಕಾರಕ ಬಳಸಬೇಡಿ ಎಂದು ಸೂಚಿಸುವುದು ಇದೇ ಕಾರಣಕ್ಕೆ. ಬಟ್ಟೆ ‘ಬೆಳ್ಳಗೆ ಹೊಳೆಯುವಂತೆ’ ಮಾಡಲು ಸೋಪಿನ ಪುಡಿಯಲ್ಲಿ ಬೆರೆಸುವ ಹೊಳಪುಕಾರಕಗಳು ನೂಲಿನ ಮೇಲೆ ಉಳಿದು, ಬಣ್ಣ ತಜ್ಞರು ಹದಗೊಳಿಸಿದ ಲೆಕ್ಕವನ್ನೆಲ್ಲ ನಾಲ್ಕಾರು ಒಗೆತಗಳಲ್ಲಿ ಕೆಡಿಸಬಲ್ಲವು. ಗರಿಗರಿ ಇಸ್ತ್ರಿಯ ಸಮವಸ್ತ್ರ ಪಥಸಂಚಲನಕ್ಕೆ ಶೋಭೆ, ಕಾಡಿನಲ್ಲಿ ಅಪಾಯ.

ಘಟ್ಟದ ಕಾಡು ಒಡ್ಡುವ ಪ್ರಶ್ನೆ

ಇಡೀ ದೇಶಕ್ಕೆ ಒಂದೇ ಚಿತ್ತಾರ ಸಾಕೇ ಎಂಬ ಚರ್ಚೆಗೆ ಉತ್ತರ ಕನ್ನಡ ಜಿಲ್ಲೆಯೊಂದೇ ಸಾಕಷ್ಟು ಸಾಮಗ್ರಿ ಒದಗಿಸುತ್ತದೆ. ಕುಮಟಾ-ಅಂಕೋಲಾ ಕಡೆಯ, ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳ ಬೂದುಗೆಸರು, ಅಳಿವೆಯ ಕಾಂಡ್ಲಾ ಗಿಡಗಳ ಮಂಕು ಹಸಿರು, ಚಿರೆಕಲ್ಲು ಹಾಸಿನ ತುಕ್ಕುಗೆಂಪು, ಶಿರಸಿ-ಸಿದ್ದಾಪುರದ ಕಾನುಗಳ ಕತ್ತಲೆ ಹಸಿರು, ಹಳಿಯಾಳ-ದಾಂಡೇಲಿಯ ತೇಗದ ಕಾಡು ಇವೆಲ್ಲ ಒಂದು ದಿನದ ಪ್ರಯಾಣದೊಳಗೆ ಬರುತ್ತವೆ. ಅದೇ ತೇಗದ ಕಾಡು ಮಾರ್ಚ್‌ನಲ್ಲಿ ಎಲೆಯುದುರಿ ಒಣ ಕಂದು ಬಣ್ಣಕ್ಕಿಳಿಯುತ್ತದೆ. ಜೂನ್‌ನ ಮೊದಲ ಮಳೆ ಬಿದ್ದ ಕೆಲವೇ ವಾರಗಳಲ್ಲಿ ಮತ್ತೆ ಹಸಿರು ಕವಿಯುತ್ತದೆ. ಇದಕ್ಕೆಲ್ಲ ಸರಿಹೊಂದುವ ಒಂದೇ ಬಟ್ಟೆ ಇರಲು ಸಾಧ್ಯವಿಲ್ಲ.

ಘಟ್ಟದ ಪ್ರಾಣಿಗಳು ಈ ಸಮಸ್ಯೆಯನ್ನು ಬೇರೆ ಬೇರೆ ರೀತಿಯಲ್ಲಿ ಬಗೆಹರಿಸಿಕೊಂಡಿವೆ. ಮಳೆಗಾಲದಲ್ಲಿ ಪೊದೆಗಳ ಮೇಲೆ ಗಂಟೆಗಟ್ಟಲೆ ಮಿಸುಕದೆ ಕೂರುವ ಮಲಬಾರ್ ಗುಳಿಮಂಡಲ ಹಾವು ಒಂದೇ ಜಾತಿಯದ್ದಾದರೂ ಪಾಚಿ ಹಸಿರು, ಕಂದು, ಹಳದಿ, ತುಕ್ಕುಗೆಂಪು ಹೀಗೆ ಹಲವು ಬಣ್ಣಗಳಲ್ಲಿ ಸಿಗುತ್ತದೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಹುಲಿ ನಮ್ಮ ಕಣ್ಣಿಗೆ ಉಜ್ವಲ ಕಿತ್ತಳೆ ಬಣ್ಣದ್ದು. ಆದರೆ ಅದರ ಬೇಟೆಯಾದ ಜಿಂಕೆ, ಕಡವೆಗಳಿಗೆ ಕೆಂಪು-ಹಸಿರಿನ ಭೇದ ತಿಳಿಯದ ಕಾರಣ ಅವಕ್ಕೆ ಆ ಕಿತ್ತಳೆಯೂ ಹಸಿರಿನ ಒಂದು ಛಾಯೆಯಾಗಿಯೇ ತೋರುತ್ತದೆ. ಯಾರ ಕಣ್ಣಿಂದ ಅಡಗಬೇಕು ಎಂಬುದು ಮೊದಲು ನಿರ್ಧಾರವಾಗಬೇಕು, ಬಣ್ಣದ ಆಯ್ಕೆ ಆನಂತರದ್ದು. ಅಲ್ಲದೆ ಹಾವಾಗಲಿ ಹುಲಿಯಾಗಲಿ ಮರೆಯಾಗಿರುವುದು ಕದಲದೆ ಇರುವವರೆಗೆ ಮಾತ್ರ. ಚಲಿಸುವ ಸೈನಿಕನಿಗೆ ಯಾವ ಚಿತ್ತಾರವೂ ಹೆಚ್ಚು ರಕ್ಷಣೆ ಕೊಡಲಾರದು.

ಒಂದೇ ಚಿತ್ತಾರದ ಪರವಾದ ವಾದವೂ ಬಲವಾದದ್ದೇ. ಸೇನೆಯ ಘಟಕಗಳು ಮರುಭೂಮಿಯಿಂದ ಹಿಮಾಲಯಕ್ಕೆ, ಅಲ್ಲಿಂದ ಈಶಾನ್ಯದ ಕಾಡಿಗೆ ಎರಡು-ಮೂರು ವರ್ಷಗಳಿಗೊಮ್ಮೆ ಸ್ಥಳಾಂತರವಾಗುತ್ತಲೇ ಇರುತ್ತವೆ. ನೆಲಕ್ಕೊಂದು ಬಟ್ಟೆಯಾದರೆ ಖರೀದಿ, ದಾಸ್ತಾನು, ಅಳತೆ, ಸಾಗಣೆ ಎಲ್ಲವೂ ಹಲವು ಪಟ್ಟು ಜಟಿಲವಾಗುತ್ತವೆ. ಆದ್ದರಿಂದ ಎಲ್ಲೂ ಅತ್ಯುತ್ತಮವಲ್ಲದ, ಎಲ್ಲೂ ತೀರಾ ಕೆಟ್ಟದ್ದೂ ಅಲ್ಲದ ನಡುವಿನ ಚಿತ್ತಾರವನ್ನು ಆಯ್ದುಕೊಳ್ಳುವುದು ಆಡಳಿತದ ದೃಷ್ಟಿಯಿಂದ ಸಮಂಜಸ.

ಆದರೆ ಆ ನಡುವಿನ ಬಿಂದು ತಪ್ಪಿದರೆ ಬೆಲೆ ದೊಡ್ಡದು. 2004ರಲ್ಲಿ ಅಮೆರಿಕದ ಸೇನೆ ಕಾಡು, ಮರಳು, ನಗರ ಎಲ್ಲಕ್ಕೂ ಸಲ್ಲುವುದೆಂದು ಬೂದು-ಹಸಿರು ಛಾಯೆಯ ಡಿಜಿಟಲ್ ಚಿತ್ತಾರವೊಂದನ್ನು ಆರಿಸಿತು. ಅಫ್ಘಾನಿಸ್ತಾನದಲ್ಲಿ ಅದು ಸೈನಿಕರನ್ನು ಮರೆಸುವ ಬದಲು ಎತ್ತಿ ತೋರಿಸುತ್ತಿದೆ ಎಂಬ ದೂರುಗಳು ಬಂದವು. 2010ರಲ್ಲಿ ಅಲ್ಲಿನ ಪಡೆಗಳಿಗೆ ಬೇರೆ ಉಡುಪು ಕೊಡಬೇಕಾಯಿತು. 2015ರಿಂದ ಇಡೀ ಸೇನೆ ಹೊಸ ಚಿತ್ತಾರಕ್ಕೆ ಹೊರಳಿತು. ಈ ಒಂದು ಆಯ್ಕೆಗೆ ಸುಮಾರು 500 ಕೋಟಿ ಡಾಲರ್ ವ್ಯಯವಾಯಿತೆಂದು ವರದಿಯಾಗಿದೆ. ಅಫ್ಘಾನ್ ಸೇನೆಗಾಗಿ ಖಾಸಗಿ ಒಡೆತನದ ದಟ್ಟ ಹಸಿರು ಕಾಡಿನ ಚಿತ್ತಾರವನ್ನು ಕೊಂಡದ್ದು ಇನ್ನೂ ವಿಚಿತ್ರ ಪ್ರಕರಣ. ಆ ದೇಶದಲ್ಲಿ ಅರಣ್ಯವಿರುವುದು ನೆಲದ ಸುಮಾರು ಶೇ 2ರಷ್ಟರಲ್ಲಿ ಮಾತ್ರ. ಇದರಿಂದ 2.8 ಕೋಟಿ ಡಾಲರ್‌ವರೆಗೆ ಅನಗತ್ಯ ವೆಚ್ಚವಾಗಿರಬಹುದೆಂದು ಅಮೆರಿಕದ್ದೇ ಲೆಕ್ಕ ತನಿಖಾ ಸಂಸ್ಥೆ 2017ರಲ್ಲಿ ಎತ್ತಿ ಹೇಳಿತು. ಚಿತ್ತಾರವನ್ನು ಆರಿಸಿದವರಿಗೆ ಅದು ಚೆನ್ನಾಗಿ ಕಂಡಿತ್ತು ಎಂಬುದು ಮುಖ್ಯ ಕಾರಣವಾಗಿತ್ತು.

ನೌಕಾಪಡೆಯ ನೀಲಿ

ಕಾರವಾರಿಗರು ದಿನವೂ ನೋಡುವ ಸೈನಿಕ ಉಡುಪು ಭೂಸೇನೆಯದ್ದಲ್ಲ. ಸೀಬರ್ಡ್ ಯೋಜನೆಯಡಿ ತಲೆಯೆತ್ತಿ 2005ರ ಮೇ 31ರಂದು ಕಾರ್ಯಾರಂಭ ಮಾಡಿದ ಐಎನ್‌ಎಸ್ ಕದಂಬ ನೌಕಾನೆಲೆಯಿಂದಾಗಿ ಇಲ್ಲಿನವರಿಗೆ ಪರಿಚಿತವಾಗಿರುವುದು ನೀಲಿ-ಬೂದು ಛಾಯೆಯ ಚಿತ್ತಾರ. ಹಡಗಿನ ಮೇಲೆ ಇರುವವರಿಗೆ ಮರೆಮಾಚುವ ಬಟ್ಟೆ ಯಾಕೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ.

ಹಡಗನ್ನೇ ಮರೆಮಾಚುವ ಪ್ರಯತ್ನ ಹಿಂದೆ ನಡೆದಿತ್ತು. 1917ರಲ್ಲಿ ಬ್ರಿಟನ್ನಿನ ಕಲಾವಿದ ನಾರ್ಮನ್ ವಿಲ್ಕಿನ್ಸನ್ ಸಲಹೆಯಂತೆ ನೂರಾರು ಹಡಗುಗಳಿಗೆ ಕಪ್ಪು-ಬಿಳಿ ಓರೆಪಟ್ಟಿಗಳನ್ನು ಬಳಿಯಲಾಯಿತು. ಹೊಗೆ ಕಾರುವ ಹಡಗನ್ನು ತೆರೆದ ಕಡಲಿನಲ್ಲಿ ಅಡಗಿಸಲಾಗದು ಎಂದು ಒಪ್ಪಿಕೊಂಡೇ ರೂಪಿಸಿದ ಉಪಾಯ ಅದು. ನೀರೊಳಗೆ ಸಾಗಿ ಹಡಗಿಗೆ ಬಡಿಯುವ ಸ್ಫೋಟಕವಾದ ಟಾರ್ಪೆಡೊವನ್ನು, ಹಡಗು ಈಗ ಇರುವಲ್ಲಿಗಲ್ಲದೆ ಇನ್ನು ಕೆಲವು ನಿಮಿಷಗಳಲ್ಲಿ ತಲುಪುವಲ್ಲಿಗೆ ಗುರಿಯಿಡಬೇಕಾದ್ದರಿಂದ, ಹಡಗಿನ ದಿಕ್ಕು ಮತ್ತು ವೇಗವನ್ನು ಶತ್ರು ತಪ್ಪಾಗಿ ಅಂದಾಜಿಸುವಂತೆ ಮಾಡಿದರೆ ಸಾಕಿತ್ತು. ಯುದ್ಧ ಮುಗಿದ ಮೇಲೆ ನಡೆದ ಪರಿಶೀಲನೆಯಲ್ಲಿ ಅದರ ಫಲದ ಬಗ್ಗೆ ಖಚಿತ ಪುರಾವೆ ಸಿಗಲಿಲ್ಲ. ರೇಡಾರ್ ಬಂದ ಮೇಲೆ ಅದರ ಮಹತ್ವ ಮತ್ತಷ್ಟು ಕುಗ್ಗಿತು. ಇಂದಿನ ಯುದ್ಧನೌಕೆಗಳು ಬಹುಮಟ್ಟಿಗೆ ತಿಳಿ ಬೂದು ಬಣ್ಣಕ್ಕೇ ತೃಪ್ತಿಪಟ್ಟುಕೊಂಡಿವೆ.

ನಾವಿಕರ ನೀಲಿ ಚಿತ್ತಾರದ ಕಥೆ ಇದಕ್ಕಿಂತ ನೇರವಾದದ್ದು. ಅಮೆರಿಕದ ನೌಕಾಪಡೆ ತೊಡಿಸಿದ್ದ ನೀಲಿ ಡಿಜಿಟಲ್ ಉಡುಪನ್ನು ಕುರಿತು, ನಾವಿಕ ನೀರಿಗೆ ಬಿದ್ದಾಗ ಮಾತ್ರ ಅದು ಅವನನ್ನು ಚೆನ್ನಾಗಿ ಅಡಗಿಸುತ್ತದೆ, ಅಡಗಬಾರದ ಹೊತ್ತೂ ಅದೇ ಎಂಬ ಕುಹಕ ಅಲ್ಲಿ ಪ್ರಚಲಿತವಿತ್ತು. 2012ರ ಪರೀಕ್ಷೆಯಲ್ಲಿ ನೈಲಾನ್ ಬೆರೆತ ಆ ಬಟ್ಟೆ ಬೆಂಕಿಯಲ್ಲಿ ಕರಗಿ ಅಂಟಿಕೊಳ್ಳುತ್ತದೆ ಎಂಬುದೂ ಹೊರಬಿತ್ತು. 2019ರ ಅಕ್ಟೋಬರ್‌ನಲ್ಲಿ ಅದನ್ನು ಪೂರ್ತಿಯಾಗಿ ಕೈಬಿಡಲಾಯಿತು. ಹಡಗಿನೊಳಗೆ ನೀಲಿ ಚಿತ್ತಾರಕ್ಕೆ ಇರುವ ನಿಜವಾದ ಉಪಯೋಗಗಳು ಎರಡು. ಎಣ್ಣೆಯ, ತುಕ್ಕಿನ ಕಲೆಗಳು ಎದ್ದು ಕಾಣುವುದಿಲ್ಲ. ತೊಟ್ಟವರು ಯಾವ ಪಡೆಯವರೆಂದು ನೋಡಿದ ಕೂಡಲೇ ತಿಳಿಯುತ್ತದೆ. ಚಿತ್ತಾರ ಗುರುತಿನ ಚೀಟಿಯಾಗಿ ಬದಲಾದದ್ದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗಲಾರದು.

ಮೂರು ಕಾನೂನುಗಳು ಒಂದೇ ಚೀಲದಲ್ಲಿ

ಇನ್ನು ಅಂಗಡಿಯವರ ಪ್ರಶ್ನೆಗೆ ಬರಬಹುದು. ಸುದ್ದಿಗಳಲ್ಲಿ ಬೆರೆತುಹೋಗುತ್ತಿರುವ ಕಾನೂನುಗಳನ್ನು ಬಿಡಿಸಿ ನೋಡಿದರೆ ಗೊಂದಲ ಬಹುಮಟ್ಟಿಗೆ ಕರಗುತ್ತದೆ.

ಸೈನಿಕನಂತೆ ನಟಿಸುವುದನ್ನು ತಡೆಯುವ ಕಾನೂನು ಬಹಳ ಹಳೆಯದು. ಹಿಂದಿನ ಭಾರತೀಯ ದಂಡ ಸಂಹಿತೆಯ 140ನೆಯ ಕಲಂ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 168ನೆಯ ಕಲಂ ಆಗಿದೆ. ಸೈನಿಕ, ನಾವಿಕ ಅಥವಾ ವಾಯುಪಡೆಯವನಲ್ಲದವನು ತಾನು ಅಂಥವನೆಂದು ಜನ ನಂಬಲಿ ಎಂಬ ಉದ್ದೇಶದಿಂದ ಅವರ ಉಡುಪನ್ನು ಅಥವಾ ಅದನ್ನು ಹೋಲುವುದನ್ನು ತೊಟ್ಟರೆ ಮೂರು ತಿಂಗಳವರೆಗೆ ಸೆರೆ ಅಥವಾ 2,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಇಲ್ಲಿ ಎಲ್ಲವೂ ನಿಂತಿರುವುದು ಉದ್ದೇಶದ ಮೇಲೆ. ಮಳೆಗೆ ಮಚ್ಚೆಯ ರೇನ್‌ಕೋಟು ತೊಟ್ಟ ಬೈಕ್ ಸವಾರನಿಗೆ ಈ ಕಲಂ ಅನ್ವಯಿಸದು. ಆದರೆ ನಿಷೇಧಿತ ಸ್ಥಳಕ್ಕೆ ನುಸುಳಲು ಸಮವಸ್ತ್ರ ಬಳಸಿದರೆ ವಿಷಯವೇ ಬೇರೆ. ಆಗ ಅಧಿಕೃತ ರಹಸ್ಯಗಳ ಕಾಯ್ದೆಯ 6ನೆಯ ಕಲಂ ಎದುರಾಗುತ್ತದೆ. ನೌಕಾನೆಲೆಯ ಪಕ್ಕದಲ್ಲಿ ಬದುಕುವವರು ಇದನ್ನು ಹಗುರವಾಗಿ ಎಣಿಸುವಂತಿಲ್ಲ.

ವಿನ್ಯಾಸದ ಒಡೆತನ ಎರಡನೆಯ ಸಂಗತಿ. 2000ದ ವಿನ್ಯಾಸಗಳ ಕಾಯ್ದೆಯಡಿ ನೋಂದಣಿಯಾದ ವಿನ್ಯಾಸವನ್ನು ಅನುಮತಿಯಿಲ್ಲದೆ ನಕಲು ಮಾಡಿ ಮಾರಿದರೆ ಅದು ಸಿವಿಲ್ ವ್ಯಾಜ್ಯ. ಒಡೆಯರು ತಡೆಯಾಜ್ಞೆ ಮತ್ತು ಪರಿಹಾರ ಕೇಳಬಹುದು. ಕಾಯ್ದೆಯೇ ನಿಗದಿ ಮಾಡಿದ ಮೊತ್ತ ಪ್ರತಿ ಉಲ್ಲಂಘನೆಗೆ 25,000 ರೂಪಾಯಿವರೆಗೆ, ಒಂದು ವಿನ್ಯಾಸಕ್ಕೆ ಒಟ್ಟು 50,000 ರೂಪಾಯಿ ಮೀರದಂತೆ. ಇದರಲ್ಲಿ ಸೆರೆವಾಸದ ಮಾತಿಲ್ಲ. ರಕ್ಷಣೆ ಕೂಡ ಯಾವ ವರ್ಗದ ವಸ್ತುಗಳಿಗೆ ನೋಂದಣಿಯಾಗಿದೆಯೋ ಅದಕ್ಕೆ ಸೀಮಿತ. ಹಳೆಯ ವುಡ್‌ಲ್ಯಾಂಡ್ ಮಾದರಿಯ ಮಚ್ಚೆ ಬಟ್ಟೆ ಈ ನೋಂದಣಿಯ ವ್ಯಾಪ್ತಿಗೆ ಬರುವುದಿಲ್ಲ. ಕೊಳ್ಳುವ ಗಿರಾಕಿಗಿಂತ ಮುದ್ರಿಸುವ ಗಿರಣಿ, ಮಾರುವ ಅಂಗಡಿ ಇದರ ಗುರಿ.

ಜಿಲ್ಲಾಡಳಿತಗಳು ಸಂದರ್ಭಕ್ಕೆ ತಕ್ಕಂತೆ ಹೊರಡಿಸುವ ನಿಷೇಧಾಜ್ಞೆ ಮೂರನೆಯದು. 2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಯ ಮೇಲೆ ದಾಳಿ ಮಾಡಿದವರು ಸೇನಾ ಉಡುಪಿನಲ್ಲಿದ್ದರು. 2025ರ ಏಪ್ರಿಲ್ 22ರ ಪಹಲ್ಗಾಮ್ ದಾಳಿಕೋರರೂ ಅದನ್ನು ಹೋಲುವ ಬಟ್ಟೆ ತೊಟ್ಟಿದ್ದರೆಂದು ವರದಿಯಾಗಿತ್ತು. ಆ ಬಳಿಕ ಜಮ್ಮು-ಕಾಶ್ಮೀರದಲ್ಲಿ ಇಂಥ ಬಟ್ಟೆಯ ಮಾರಾಟ, ಹೊಲಿಗೆ, ದಾಸ್ತಾನಿಗೆ ತಡೆ ಹಾಕಿದ ಆದೇಶಗಳು ಬಂದವು. ಇಂಥ ಆದೇಶ ಸಾಮಾನ್ಯವಾಗಿ ಎರಡು ತಿಂಗಳ ಅವಧಿಯದು, ಹೊರಡಿಸಿದ ಪ್ರದೇಶಕ್ಕಷ್ಟೇ ಅನ್ವಯಿಸುವಂಥದ್ದು. ದೂರದ ಜಿಲ್ಲೆಯೊಂದರ ಆದೇಶದ ಚಿತ್ರ ಮೊಬೈಲಿನಿಂದ ಮೊಬೈಲಿಗೆ ಹಾರಿ ಅಂಕೋಲೆಯ ದರ್ಜಿಯನ್ನು ತಲುಪಿದಾಗ ಅದು ದೇಶವ್ಯಾಪಿ ಕಾನೂನಿನಂತೆ ಕಾಣುವುದರಲ್ಲಿ ಆಶ್ಚರ್ಯವೇನಿಲ್ಲ.

ಖಾಸಗಿ ಭದ್ರತಾ ಸಿಬ್ಬಂದಿಗೆ ಮಾತ್ರ ನಿಯಮ ಬಹಳ ಬಿಗಿಯಾಗಿದೆ. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯ ಪ್ರಕಾರ ಸೇನೆ ಅಥವಾ ಪೊಲೀಸರ ಸಮವಸ್ತ್ರದಂತೆ ತೋರುವ ಉಡುಪನ್ನು ಕಾವಲುಗಾರ ತೊಟ್ಟರೆ ಅವನಿಗೂ ಏಜೆನ್ಸಿಯ ಮಾಲೀಕನಿಗೂ ಒಂದು ವರ್ಷದವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಮಚ್ಚೆ ಬಟ್ಟೆಯ ಚರ್ಚೆಯಲ್ಲಿ ಅತಿ ಕಡಿಮೆ ಪ್ರಸ್ತಾಪವಾಗುವ ಕಾನೂನು ಇದು; ದಿನನಿತ್ಯ ಅತಿ ಹೆಚ್ಚು ಉಲ್ಲಂಘನೆಯಾಗುವುದೂ ಇದೇ ಇರಬೇಕು.

ನೋಂದಣಿಯಿಂದ ಏನಾಗುತ್ತದೆ, ಏನಾಗದು

ಸೇನೆಯ ವಾದ ಸರಳ. ಹಳೆಯ ಚಿತ್ತಾರದ ಬಟ್ಟೆ ಎಲ್ಲೆಂದರಲ್ಲಿ ಸಿಗುತ್ತಿದ್ದುದರಿಂದ ವೇಷ ಮರೆಸಿಕೊಳ್ಳುವುದು ಸುಲಭವಾಗಿತ್ತು, ಗುಣಮಟ್ಟವೂ ಕೈತಪ್ಪಿತ್ತು. ಪೂರೈಕೆಯನ್ನು ಕಟ್ಟಿಹಾಕಿದರೆ ಎರಡೂ ಸರಿಹೋಗುತ್ತವೆ. ಅಮೆರಿಕದ ಮರೀನ್ ಪಡೆ ಇಪ್ಪತ್ತು ವರ್ಷಗಳ ಹಿಂದೆಯೇ ತನ್ನ ಚಿತ್ತಾರಕ್ಕೆ ಪೇಟೆಂಟ್ ಪಡೆದು, ಬಟ್ಟೆಯ ಮಚ್ಚೆಗಳ ನಡುವೆ ತನ್ನ ಲಾಂಛನವನ್ನು ಸಣ್ಣದಾಗಿ ಸೇರಿಸಿತ್ತು. ಅಸಲಿ-ನಕಲಿ ಪತ್ತೆಗೆ ಅದು ಇಂದಿಗೂ ನೆರವಾಗುತ್ತಿದೆ.

ಇದಕ್ಕೆ ಎದುರಾದ ವಾದಗಳಲ್ಲಿ ಸಣ್ಣ ವ್ಯಾಪಾರಿಗಳ ಜೀವನೋಪಾಯದ್ದು ಒಂದು. ಕಂಟೋನ್ಮೆಂಟ್ ಊರುಗಳ ದರ್ಜಿಗಳಿಗೆ ಪೆಟ್ಟು ಬಿದ್ದದ್ದು ನಿಜ. ಅದನ್ನು ತುಸು ತಗ್ಗಿಸಲೆಂದೇ ನಿಫ್ಟ್ ಮೂಲಕ ಕೆಲವು ದರ್ಜಿಗಳಿಗೆ ತರಬೇತಿ ಕೊಡಿಸಲಾಯಿತು. ಕಾರವಾರದಂಥ ಊರಿನಲ್ಲಿ ಮಚ್ಚೆ ಬಟ್ಟೆ ಅಂಗಡಿಯ ಒಂದು ಮೂಲೆಯ ಸರಕಷ್ಟೇ ಆಗಿರುವುದರಿಂದ ಪರಿಣಾಮ ಕಡಿಮೆ. ಇದಕ್ಕಿಂತ ಗಂಭೀರವಾದ ಆಕ್ಷೇಪ ಬೇರೆ ಇದೆ. ಸಾಯಲು ಸಿದ್ಧನಾಗಿ ಬರುವ ದಾಳಿಕೋರ 50,000 ರೂಪಾಯಿ ದಂಡಕ್ಕೆ ಹೆದರುವುದಿಲ್ಲ. ಗಡಿಯಾಚೆ ಎಲ್ಲಾದರೂ ಆ ಚಿತ್ತಾರವನ್ನು ಮುದ್ರಿಸಿದರೆ ಭಾರತದ ನೋಂದಣಿಗೆ ಅಲ್ಲಿ ಬೆಲೆಯಿಲ್ಲ. ನೋಂದಣಿ ನಿಜವಾಗಿ ತಡೆಯಬಲ್ಲದ್ದು ಸೂರತ್ತಿನಲ್ಲೋ ಲೂಧಿಯಾನದಲ್ಲೋ ಗಿರಣಿಯೊಂದು ಸಾವಿರಾರು ಮೀಟರ್ ಮುದ್ರಿಸಿ ದೇಶಕ್ಕೆಲ್ಲ ಹಂಚುವುದನ್ನು. ಅದು ಸಣ್ಣ ಸಾಧನೆಯೇನಲ್ಲ, ಏಕೆಂದರೆ ಒಂದು ಚಿತ್ತಾರ ವಿರಳವಾಗಿದ್ದಾಗ ಮಾತ್ರ ಅದನ್ನು ತೊಟ್ಟ ಅಪರಿಚಿತನ ಕಡೆಗೆ ಜನರ ಗಮನ ಹೋಗುತ್ತದೆ. ಆದರೆ ಭದ್ರತೆಯ ಸಮಸ್ಯೆಗೆ ಇದೇ ಪರಿಹಾರ ಎಂದು ಬಿಂಬಿಸುವುದು ಅತಿಶಯೋಕ್ತಿ. ಗೇಟಿನಲ್ಲಿ ಗುರುತುಪತ್ರ ಕೇಳುವ ಕಾವಲುಗಾರನ ಕೆಲಸವನ್ನು ಬಟ್ಟೆಗೆ ವಹಿಸಲಾಗದು.

ಯುಕ್ರೇನ್ ಯುದ್ಧ ಇದನ್ನು ತೋರಿಸಿಕೊಟ್ಟಿದೆ. ಎರಡೂ ಕಡೆಯವರು ಒಂದನ್ನೊಂದು ಹೋಲುವ ಚಿತ್ತಾರಗಳನ್ನು ತೊಟ್ಟಿದ್ದರಿಂದ, 2022ರಲ್ಲಿ ಯುದ್ಧ ಆರಂಭವಾದ ಕೂಡಲೇ ಯುಕ್ರೇನಿನವರು ತೋಳಿಗೆ ನೀಲಿ-ಹಳದಿ ಪಟ್ಟಿಗಳನ್ನೂ, ರಷ್ಯನ್ನರು ಬಿಳಿ-ಕೆಂಪು ಪಟ್ಟಿಗಳನ್ನೂ ಕಟ್ಟಿಕೊಂಡರು. ಕೋಟ್ಯಂತರ ವ್ಯಯಿಸಿ ಅಡಗಿಸಿದ ಮೈಯನ್ನು ಅಗ್ಗದ ಟೇಪು ಸುತ್ತಿ ಮತ್ತೆ ತೋರಿಸಿಕೊಳ್ಳಬೇಕಾಯಿತು. ಅದೇ ಯುದ್ಧದಲ್ಲಿ ಮೇಲೆ ಹಾರುವ ಡ್ರೋನ್‌ಗಳ ಉಷ್ಣ ಕ್ಯಾಮೆರಾಗಳು ಬಟ್ಟೆಯ ಬಣ್ಣವನ್ನು ನೋಡದೆ ಮೈಯ ಶಾಖವನ್ನು ನೋಡುತ್ತವೆ. ಅವುಗಳೆದುರು ಚೌಕವೂ ಎಲೆಯೂ ಒಂದೇ. ಹೀಗಾಗಿ ಮುಂದಿನ ಪೀಳಿಗೆಯ ಮರೆಮಾಚುವಿಕೆಯ ಸಂಶೋಧನೆ ಶಾಖವನ್ನು ತಡೆಹಿಡಿಯುವ ಹೊದಿಕೆಗಳತ್ತ ಹೊರಳುತ್ತಿದೆ. ಆ ಕೆಲಸ ಹೊದಿಕೆಗೆ ಹೋದಷ್ಟೂ ಸಮವಸ್ತ್ರದ ಚಿತ್ತಾರದಲ್ಲಿ ಉಳಿಯುವುದು ಗುರುತಿನ ಭಾಗವೇ.

ಅವಧಿಯ ಪ್ರಶ್ನೆಯೊಂದು ಉಳಿದಿದೆ. ನೋಂದಾಯಿತ ವಿನ್ಯಾಸಕ್ಕೆ ಮೊದಲು 10 ವರ್ಷ, ನವೀಕರಿಸಿದರೆ ಇನ್ನೂ 5 ವರ್ಷ ರಕ್ಷಣೆ ಸಿಗುತ್ತದೆ. ಆಮೇಲೆ ವಿಸ್ತರಣೆಗೆ ಅವಕಾಶವಿಲ್ಲ. 2022ರ ಸಮವಸ್ತ್ರದ ಚಿತ್ತಾರದ ಮೇಲಿನ ಹಕ್ಕು ಹೆಚ್ಚೆಂದರೆ 2037ರ ಸುಮಾರಿಗೆ, ಹೊಸ ಕೋಟಿನದ್ದು 2040ರ ಸುಮಾರಿಗೆ ಕೊನೆಗೊಳ್ಳುತ್ತದೆ. ಆಗ ಸೇನೆಯ ಮುಂದೆ ಎರಡು ದಾರಿಗಳಿರುತ್ತವೆ: ಲಕ್ಷಾಂತರ ಜೊತೆ ಉಡುಪು ಬದಲಿಸುವ ಖರ್ಚು ಹೊತ್ತು ಇನ್ನೊಂದು ಚಿತ್ತಾರಕ್ಕೆ ಹೋಗುವುದು, ಇಲ್ಲವೇ ಸೇನಾ ಚಿತ್ತಾರದ ಬಟ್ಟೆಯ ತಯಾರಿಕೆ ಮತ್ತು ಮಾರಾಟಕ್ಕೇ ಪ್ರತ್ಯೇಕ ಕಾನೂನು ತರುವಂತೆ ಸಂಸತ್ತನ್ನು ಕೇಳುವುದು. ಬಾರ್ಬಡೋಸ್‌ನಂಥ ಕೆರಿಬಿಯನ್ ದೇಶಗಳು ಎರಡನೆಯ ದಾರಿಯಲ್ಲಿ ಬಹುದೂರ ಹೋಗಿ, ಮಕ್ಕಳೂ ಸೇರಿದಂತೆ ನಾಗರಿಕರಾರೂ ಮಚ್ಚೆ ಬಟ್ಟೆ ತೊಡಬಾರದೆಂದು ವಿಧಿಸಿವೆ. ಭಾರತದಲ್ಲಿ ಅಂಥ ಕಾನೂನು ಬರುವವರೆಗೆ ಅಂಗಡಿಯವರು ನೋಡಿಕೊಳ್ಳಬೇಕಾದದ್ದು ಇಷ್ಟು: ತಾವು ತರಿಸುವ ಬಟ್ಟೆಯಲ್ಲಿರುವುದು ಸೇನೆ ನೋಂದಾಯಿಸಿದ ಚೌಕಗಳ ಚಿತ್ತಾರವೋ ಅಲ್ಲವೋ, ಹೊಲಿಸಲು ಬಂದವರು ಭದ್ರತಾ ಏಜೆನ್ಸಿಯವರೋ ಅಲ್ಲವೋ, ಜಿಲ್ಲಾಧಿಕಾರಿಗಳ ಆದೇಶವೇನಾದರೂ ಜಾರಿಯಲ್ಲಿದೆಯೋ ಇಲ್ಲವೋ.